ಎಮ್ಮೆಗೂ ಹೆಂಡತಿಗೂ ಒಂದೇ ಲೆವೆಲ್

ನಮ್ಮೂರಿನಲ್ಲಿ ಯಾರೂ ಸುಮ್ಮಸುಮ್ಮನೆ ಮಾತು ರೆಕಾರ್ಡ್ ಮಾಡುವುದಿಲ್ಲ. ಒಬ್ಬರ ಮಾತನ್ನು ಕೊನೆಯದಾಗಿ ಉಳಿಸಿದ ಫೈಲ್ ಹೇಗಿರುತ್ತದೋ ಅವರ ಗಂಟಲೂ ಹಾಗೇ ಇರುತ್ತದೆ. ಫೈಲಿನಲ್ಲಿ ಕೆಮ್ಮು ಕತ್ತರಿಸಿದರೆ ಮನುಷ್ಯನ ಕೆಮ್ಮೂ ಹೋಗುತ್ತದೆ. ಫೈಲಿನಲ್ಲಿ ಗೊಗ್ಗರು ಉಳಿದರೆ ಗಂಟಲಿನಲ್ಲೂ ಉಳಿಯುತ್ತದೆ. ಬೇರೆ ಊರಿನವರು ಇದನ್ನು ಕೇಳಿ ಬಾಯಿ ಬಾಯಿ ಬಿಡುತ್ತಾರೆ. ನಮಗೆ ಇದರಲ್ಲಿ ಅಂಥ ವಿಶೇಷವೇನೂ ಕಾಣುವುದಿಲ್ಲ. ಮದುವೆ ಮನೆಯ ಬಾಗಿಲಲ್ಲಿ ಚಪ್ಪಲಿಯ ಜೊತೆ ಮೊಬೈಲನ್ನೂ ಬಿಟ್ಟು ಒಳಗೆ ಹೋಗುತ್ತೇವೆ, ಅಷ್ಟೇ. ನೆಗಡಿಯಾದರೆ ಜನ ಕಷಾಯ ಕುಡಿಯುವ ಬದಲು ನನ್ನ ಅಂಗಡಿಗೆ ಬರುತ್ತಾರೆ.

ಎಡವಟ್ಟು ಮಾಡಿಕೊಂಡವರೂ ಇದ್ದಾರೆ. ನಮ್ಮ ಹೈಸ್ಕೂಲಿನ ಹೆಡ್‌ಮಾಸ್ಟರು ತಮ್ಮದೇ ಭಾಷಣವನ್ನು ಬೇಗ ಕೇಳಿ ಮುಗಿಸೋಣವೆಂದು ವೇಗ ಹೆಚ್ಚಿಸಿ, ಮುಚ್ಚುವಾಗ ಗೊತ್ತಿಲ್ಲದೆ ‘ಉಳಿಸು’ ಒತ್ತಿಬಿಟ್ಟರು. ಈಗ ದೀಪಾವಳಿಯೊಳಗೆ ವರ್ಷದ ಪಾಠವೆಲ್ಲ ಮುಗಿದುಹೋಗುತ್ತದೆ. ಅವರನ್ನು ರಿಪೇರಿ ಮಾಡಬೇಡಿ ಎಂದು ಮಕ್ಕಳು ಬಂದು ನನಗೆ ಕೈಮುಗಿದು ಹೋಗಿದ್ದಾರೆ. ಪುರಸಭೆ ಅಧ್ಯಕ್ಷರು ಗಂಭೀರವಾಗಿ ಕೇಳಿಸಬೇಕೆಂದು ಬೇಸ್ ಏರಿಸಿ ಗಂಟಲು ದಪ್ಪ ಮಾಡಿಕೊಂಡರು. ಅವರು ನಮಸ್ಕಾರ ಎಂದರೆ ಎದುರಿನ ಹೋಟೆಲಿನ ಲೋಟಗಳು ನಡುಗುತ್ತವೆ. ಅವರಿಗೆ ಅದರಿಂದ ಬಹಳ ಸಂತೋಷ.

ನನ್ನ ಅಂಗಡಿ ಇರುವುದು ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ. ಬೋರ್ಡಿನ ಮೇಲೆ ‘ವಿಶಾಲಾಕ್ಷಿ ಧ್ವನಿ ಕೇಂದ್ರ’ ಎಂದು ಬರೆಸಿದ್ದೇನೆ, ಕೆಳಗೆ ಸಣ್ಣಕ್ಷರದಲ್ಲಿ ‘ರೆಕಾರ್ಡಿಂಗ್, ಎಡಿಟಿಂಗ್, ರಿಪೇರಿ’. ಧ್ವನಿ ಕೇಂದ್ರವನ್ನು ಗಿರಣಿಯ ಮೇಲೆ ಇಟ್ಟ ನನ್ನ ಬುದ್ಧಿಗೆ ಏನು ಹೇಳಬೇಕೋ ಅದನ್ನೆಲ್ಲ ಊರಿನವರು ಆಗಲೇ ಹೇಳಿ ಮುಗಿಸಿದ್ದಾರೆ. ಗೋಡೆಗೆಲ್ಲ ಹಳೆಯ ಹತ್ತಿ ಹಾಸಿಗೆ ಬಡಿದಿದ್ದೇನೆ. ಆದರೂ ರಾಗಿ ಬೀಸುವ ಸದ್ದು ನೆಲದಿಂದ ಕಾಲಿಗೆ, ಕಾಲಿನಿಂದ ಮೈಕಿಗೆ ಏರಿ ಬರುತ್ತದೆ. ಹಾಗಾಗಿ ಕರೆಂಟು ಹೋದಾಗ ಊರೆಲ್ಲ ಶಾಪ ಹಾಕುತ್ತಿದ್ದರೆ ನಾನು ಖುಷಿಯಿಂದ ಬ್ಯಾಟರಿ ಮೇಲೆ ಮೈಕ್ ಆನ್ ಮಾಡುತ್ತೇನೆ.

ನನಗೆ ಸಿಟ್ಟು ಜಾಸ್ತಿ ಎನ್ನುತ್ತಾರೆ. ಬಾರದೆ ಏನು ಮಾಡೀತು? ಬಂದವರಿಗೆಲ್ಲ ಒಂದೇ ಪಾಠ ಹೇಳಿ ಹೇಳಿ ನನ್ನ ಬಾಯಿ ಸವೆದಿದೆ. ಮೂಲ ಫೈಲನ್ನು ಅಳಿಸಬೇಡಿ. ಕತ್ತರಿ ಆಡಿಸುವುದಿದ್ದರೆ ನಕಲಿನ ಮೇಲೆ ಆಡಿಸಿ. ಕೆಲಸವೆಲ್ಲ ದೊಡ್ಡ ಫೈಲಿನಲ್ಲೇ ಮುಗಿಸಿ, ಹೊರಗಿನವರಿಗೆ ಕಳಿಸಲು ಚಿಕ್ಕದು ಮಾಡುವುದಿದ್ದರೆ ಕಟ್ಟಕಡೆಗೆ ಒಂದೇ ಸಲ ಮಾಡಿ. ಆಮೇಲೆ ಮರೆಯದೆ ದೊಡ್ಡದನ್ನು ಮತ್ತೆ ತೆರೆದು ಇನ್ನೊಮ್ಮೆ ಉಳಿಸಿ, ಊಟವಾದ ಮೇಲೆ ಕೈ ತೊಳೆದ ಹಾಗೆ. ಎಲ್ಲರೂ ಹೂಂ ಎಂದು ತಲೆಯಾಡಿಸುತ್ತಾರೆ. ಮನೆಗೆ ಹೋಗಿ ಮಾಡುವುದು ಮಾತ್ರ ತಮಗೆ ತೋಚಿದ್ದನ್ನೇ.

ಹಾಗೆ ತಲೆಯಾಡಿಸಿ ಹೋದವರಲ್ಲಿ ಪುಟ್ಟಬಸಪ್ಪನವರೂ ಒಬ್ಬರು. ನಮ್ಮ ಬೀದಿಯ ಅರ್ಧಕ್ಕೆ ಹಾಲು ಹಾಕುವವರು. ಅವರ ಹತ್ತಿರ ಇರುವುದು ಒಂದೇ ಎಮ್ಮೆ, ಹೆಸರು ಕಸ್ತೂರಿ. ಅದರ ಕುರಿತು ಅವರಿಗೆ ಎಷ್ಟು ಹೇಳಿದರೂ ಸಾಲದು. ಹೀಗಾಗಿ ‘ಎಮ್ಮೆ ಮಾತು’ ಎಂಬ ಪಾಡ್‌ಕಾಸ್ಟ್ ಶುರು ಮಾಡಿದ್ದರು. ಹಾಲು ಕರೆದಾದ ಮೇಲೆ ಕೊಟ್ಟಿಗೆಯಲ್ಲೇ ಕೂತು, ಹುಲ್ಲು, ಉಣ್ಣಿ ಹುಳ, ಹಿಂಡಿಯ ರೇಟು, ದೇಶದ ಪರಿಸ್ಥಿತಿ ಎಲ್ಲವನ್ನೂ ಕಸ್ತೂರಿಗೆ ಹೇಳುತ್ತಿದ್ದರು. ನಡುನಡುವೆ ಅದೂ ಒಂದು ಮಾತು ಹಾಕುತ್ತಿತ್ತು. ಒಣಹುಲ್ಲಿನ ಮೇಲೆ ಗೋಣಿಚೀಲ ಎಳೆದಂಥ ಗಂಟಲು ಅವರದು. ಹೊರಗಿನ ಊರುಗಳಲ್ಲಿ ಸಾವಿರಾರು ಜನ ಕೇಳುತ್ತಿದ್ದರು. ನಮ್ಮೂರಿನವರು ಕೇಳುತ್ತಿರಲಿಲ್ಲ, ಹಾಲಿನ ಜೊತೆ ಹೇಗೂ ಅದು ಬಾಗಿಲಿಗೇ ಬರುತ್ತಿತ್ತು.

ಒಂದು ದಿನ ಹೊರಗಿನ ಕೇಳುಗನೊಬ್ಬ, ವಿಷಯ ಚೆನ್ನಾಗಿದೆ, ಕ್ವಾಲಿಟಿ ಸಾಲದು, ಉಸಿರಿನ ಸದ್ದು ಅತಿಯಾಯಿತು ಎಂದು ಬರೆದ. ಪುಟ್ಟಬಸಪ್ಪನವರು ಮೊಬೈಲ್ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು.

“ವಿಶಾಲಮ್ಮ, ನನ್ನ ಗಂಟ್ಲು ರೇಡಿಯೋದಲ್ಲಿ ವಾರ್ತೆ ಓದ್ತಾರಲ್ಲ, ಆ ಥರ ಮಾಡ್ಕೊಡಿ.”

“ಬಸಪ್ಪಣ್ಣ, ಫ್ಯಾನ್ ಸದ್ದು ತೆಗೀತೀನಿ, ಕೆಮ್ಮು ತೆಗೀತೀನಿ. ಗಂಟ್ಲು ಬದ್ಲಾಯಿಸಲ್ಲ. ಕ್ವಾಲಿಟಿ ಅಂದ್ರೆ ಇರೋದನ್ನ ಕಳ್ಕೊಳ್ದೆ ಉಳಿಸ್ಕೊಳ್ಳೋದು. ಇಲ್ದೇ ಇರೋದನ್ನ ಬಳ್ಕೊಳ್ಳೋದಲ್ಲ.”

“ನಿಮಗೆ ಬರಲ್ಲ ಅಂತ ಹೇಳಿ. ಮೊಬೈಲಲ್ಲೇ ಒಂದು ಬಟನ್ ಇದೆಯಂತೆ. ಒಂದ್ಸಲ ಒತ್ತಿದ್ರೆ ಎಲ್ಲಾ ಕ್ಲೀನು.”

“ಒತ್ತಿ, ಒತ್ತಿ. ನನ್ನೇನು ಕೇಳ್ತೀರ?” ಎಂದೆ. ಸಿಟ್ಟಿನಲ್ಲಿ ಹೇಳಿದ ಮಾತು. ಆದರೆ ಬಟನ್ ಒತ್ತುವ ಜನಕ್ಕೆ ಅಷ್ಟೇ ಸಾಕು.

ಮುಂದಿನ ವಾರ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳಿತು. ಹಿಂದೆಯೇ ಒಂದು ಧ್ವನಿ ಬಂತು. ನಾನು ಯಾರೋ ದೊಡ್ಡ ಅಧಿಕಾರಿ ಬಂದರೆಂದು ಎದ್ದು ನಿಂತೆ. ಒಳಗೆ ಬಂದದ್ದು ಪುಟ್ಟಬಸಪ್ಪನವರು.

“ವಿಶಾಲಮ್ಮ ತಪ್ಪಾಯ್ತು ಬಟನ್ ಒತ್ಬಿಟ್ಟೆ ಆವತ್ತಿಂದ ಮಾತಿನ ಮಧ್ಯೆ ಉಸಿರೇ ಬರ್ತಿಲ್ಲ ಶುರು ಮಾಡಿದ್ರೆ ಮುಗಿಯೋ ತನಕ ತಡ್ಕೋಬೇಕು ನಿನ್ನೆ ಡೈರಿ ಸೆಕ್ರೆಟರಿ ಹತ್ರ ಹಿಂಡಿ ವಿಷ್ಯ ಮಾತಾಡ್ತಾ ಮಾತಾಡ್ತಾ ಕಣ್ಣು ಕತ್ಲೆ ಬಂದು ಅಲ್ಲೇ ಗೋಣಿಚೀಲದ ಮೇಲೆ ಬಿದ್ಬಿಟ್ಟೆ ಏನಾದ್ರೂ ಮಾಡಿ.”

ಇಷ್ಟು ಹೇಳುವಷ್ಟರಲ್ಲಿ ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತ್ತು. ಬಾಗಿಲ ಚೌಕಟ್ಟು ಹಿಡಿದುಕೊಂಡು ದೀರ್ಘವಾಗಿ ಉಸಿರೆಳೆದರು. ಆ ಉಸಿರಿಗೂ ಸದ್ದಿರಲಿಲ್ಲ.

“ಕೂತ್ಕೊಳ್ಳಿ. ಚಿಕ್ಕ ಚಿಕ್ಕದಾಗಿ ಮಾತಾಡಿ,” ಎಂದೆ.

“ಕೂತೆ,” ಎಂದರು. ಕೂತದ್ದು ಅವರು, ಕೇಳಿಸಿದ್ದು ಮಾತ್ರ ವಾರ್ತೆಯ ಮುಖ್ಯಾಂಶ.

ನಾನು ಕಿವಿಗೊಟ್ಟು ಪರೀಕ್ಷೆ ಮಾಡಿದೆ. ಆ ಬಟನ್ ಒಂದೇ ಏಟಿಗೆ ಎಲ್ಲ ಅನಾಹುತವನ್ನೂ ಮಾಡಿ ಮುಗಿಸಿತ್ತು. ಉಸಿರನ್ನೆಲ್ಲ ಕಸ ಎಂದು ಗುಡಿಸಿತ್ತು. ಗಂಟಲಿನ ಒರಟನ್ನು ಉಜ್ಜಿ ನುಣ್ಣಗೆ ಮಾಡಿತ್ತು. ಫೈಲನ್ನು ಹಿಂಡಿ ಚಿಕ್ಕದು ಮಾಡಿದ್ದರಿಂದ ಸ, ಶ ಬಂದ ಕಡೆಯೆಲ್ಲ ಬಾಯಲ್ಲಿ ನೀರು ಮುಕ್ಕಳಿಸಿದಂತೆ ಕೇಳುತ್ತಿತ್ತು. ಇದೆಲ್ಲದರ ಮೇಲೆ ಲೆವೆಲ್ ಸಮ ಮಾಡಿತ್ತು. ಅಂದರೆ ಜೋರು ಮಾತನ್ನು ಇಳಿಸಿ, ಮೆಲು ಮಾತನ್ನು ಏರಿಸಿ, ಎಲ್ಲವನ್ನೂ ಒಂದೇ ಎತ್ತರಕ್ಕೆ ತಂದಿತ್ತು. ಇನ್ನು ನೀವು ಕಿರುಚಿದರೂ ಅಷ್ಟೇ, ಪಿಸುಗುಟ್ಟಿದರೂ ಅಷ್ಟೇ ಎಂದು ಅವರಿಗೆ ಹೇಳಿದೆ.

“ಅದೇ ತೊಂದ್ರೆ ಆಗಿದ್ದು,” ಎಂದು ತಲೆ ತಗ್ಗಿಸಿದರು. ಬೆಳಿಗ್ಗೆ ಹಾಲಿನ ಕ್ಯಾನು ಇಳಿಸುವಾಗ ಹೆಂಡತಿಯ ಕಿವಿಯಲ್ಲಿ, ಇವತ್ತು ನೀರು ಸ್ವಲ್ಪ ಜಾಸ್ತಿ ಬಿತ್ತು ಎಂದು ಪಿಸುಗುಟ್ಟಿದ್ದರಂತೆ. ಅದು ಸ್ಪಷ್ಟವಾದ ಉಚ್ಚಾರಣೆಯೊಂದಿಗೆ ಪಾತ್ರೆ ಹಿಡಿದು ನಿಂತಿದ್ದ ಗಿರಾಕಿಗಳಿಗೆಲ್ಲ ಪ್ರಸಾರವಾಯಿತು.

“ಅದು ಬಿಡಿ, ಅನುಭವಿಸ್ತೀನಿ. ಆದ್ರೆ ಕಸ್ತೂರಿ...” ಎಂದು ನಿಲ್ಲಿಸಿದರು. ಕಣ್ಣಲ್ಲಿ ನೀರು ತುಂಬಿತು. “ಹಾಲು ಕೊಡ್ತಿಲ್ಲ. ನಾನು ಮಾತಾಡ್ಸಿದ್ರೆ ತಿರುಗಿ ನೋಡತ್ತೆ. ಯಾರಯ್ಯಾ ನೀನು ಅನ್ನೋ ಥರ. ಇನ್ನೊಂದು ಏನಂದ್ರೆ, ಅದರ ಕೂಗೂ ಹೋಯ್ತು.”

ನನಗೆ ಆಗ ಹೊಳೆಯಿತು. ಎಮ್ಮೆಯ ಕೂಗು ಆ ಫೈಲಿನಲ್ಲಿತ್ತಲ್ಲ! ಬಟನ್ ಅದನ್ನೂ ಕಸದ ಲೆಕ್ಕಕ್ಕೆ ಸೇರಿಸಿ ತೆಗೆದುಹಾಕಿತ್ತು. ಎಮ್ಮೆ ಬಾಯಿ ತೆರೆದರೂ ಸದ್ದಿಲ್ಲದಂತೆ ಆಗಿತ್ತು. ಪುಟ್ಟಬಸಪ್ಪನವರು ಬಿಕ್ಕಿ ಬಿಕ್ಕಿ ಅತ್ತರು. ಅಳುವೂ ಆಕಾಶವಾಣಿಯ ಮಟ್ಟದಲ್ಲೇ ಇತ್ತು. ನನಗೆ ನಗು ಬಂತು, ತಡೆದುಕೊಂಡೆ. ಅಳುವವರ ಎದುರು ನಗುವಷ್ಟು ಕೆಟ್ಟವಳಲ್ಲ ನಾನು.

“ಮೂಲ ಫೈಲ್ ತೆಗೀರಿ,” ಎಂದೆ.

“ನನ್ನ ಫೋನಲ್ಲಿ ಇದೇ ಇರೋದು. ಇದನ್ನೇ ಮನೇಲಿ ದೊಡ್ಡದು ಮಾಡಿ ನೋಡ್ದೆ. ಮತ್ತೆ ಚಿಕ್ಕದು ಮಾಡಿ ಮತ್ತೆ ದೊಡ್ಡದು ಮಾಡ್ದೆ.”

ನನ್ನ ಪಿತ್ತ ನೆತ್ತಿಗೇರಿತು. “ಕಾಫಿ ಇಳಿಸಾದ್ಮೇಲೆ ಅದೇ ಚರಟಕ್ಕೆ ಮತ್ತೆ ನೀರು ಹೊಯ್ದು, ಪಾತ್ರೆ ಮಾತ್ರ ದೊಡ್ಡದು ತಂದ್ರೆ ಡಿಕಾಕ್ಷನ್ ಆಗತ್ತಾ ಬಸಪ್ಪಣ್ಣ? ಹೋದದ್ದು ಹೋಯ್ತು. ಒಂದೊಂದ್ಸಲ ಮಾಡ್ದಾಗ್ಲೂ ಇನ್ನಷ್ಟು ಹೋಗತ್ತೆ. ಹಳೇ ಕಂತುಗಳಾದ್ರೂ ಇವೆಯಾ?”

“ಫೋನಲ್ಲಿ ಜಾಗ ಇರ್ಲಿಲ್ಲ. ಅಳಿಸಿ ಕಸ್ತೂರಿ ಫೋಟೋ ತುಂಬ್ಕೊಂಡೆ.”

ಹೊರಗೆ ಹಾಕಿದ್ದೆಲ್ಲ ಚಿಕ್ಕ ಫೈಲುಗಳು, ಅವು ಕೆಲಸಕ್ಕೆ ಬಾರವು. ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಆದರೆ ಜಾಗವೇ ಇಲ್ಲದ ಫೋನಿನಲ್ಲಿ ಹೊಸ ಕಂತನ್ನು ರೆಕಾರ್ಡ್ ಮಾಡಿದ್ದು ಹೇಗೆ? ಕೇಳಿದೆ.

“ನಮ್ಮನೆಯವಳ ಫೋನಲ್ಲಿ ಮಾಡ್ದೆ. ಆಮೇಲೆ ಮೆಸೇಜಲ್ಲಿ ನನಗೆ ಕಳಿಸ್ಕೊಂಡೆ.”

“ಹಾಗಾದ್ರೆ ಮೆಸೇಜಲ್ಲಿ ಬರುವಾಗ್ಲೇ ಅರ್ಧ ಸೋರಿದೆ. ಅಸಲು ಇರೋದು ನೀಲಕ್ಕನ ಫೋನಲ್ಲಿ! ಹೋಗಿ ಇಸ್ಕೊಂಬನ್ನಿ.”

ಪುಟ್ಟಬಸಪ್ಪನವರು ಎದ್ದೇಳಲಿಲ್ಲ. ಅಂಗಿಯ ಗುಂಡಿ ತಿರುಗಿಸುತ್ತ ಕೂತರು.

“ಯಾವುದೂ ಅಳಿಸಿಲ್ಲ ತಾನೆ ಅಂತ ಬೆಳಿಗ್ಗೆ ಕೇಳ್ದೆ. ಇದೆ, ಕೊಡಲ್ಲ ಅಂದ್ಳು. ಮದ್ವೆಯಾಗಿ ಮೂವತ್ತು ವರ್ಷ ಆಯ್ತು ವಿಶಾಲಮ್ಮ, ಅವಳ ಬಾಯಲ್ಲಿ ‘ಕೊಡಲ್ಲ’ ಅನ್ನೋದು ಇದೇ ಮೊದಲು ಕೇಳಿದ್ದು. ಒಂದ್ಸಲ ನೀವೇ ಬಂದು ಹೇಳಿ.”

ಅವರ ಹೆಂಡತಿ ನೀಲಮ್ಮನನ್ನು ನಾನು ಬೀದಿಯಲ್ಲಿ ನೋಡಿದ್ದುಂಟು, ಮಾತಾಡಿಸಿದ್ದು ಕಡಿಮೆ. ಮಾತೇ ಆಡದ ಹೆಂಗಸು ಎಂದು ಬೀದಿಯಲ್ಲಿ ಹೆಸರು. ನಾನು ಹೋದಾಗ ಕೊಟ್ಟಿಗೆಯಲ್ಲಿ ಗಂಜಲ ಬಳಿಯುತ್ತಿದ್ದರು. ಕಸ್ತೂರಿ ನನ್ನನ್ನು ನೋಡಿ ಕತ್ತು ನೀಡಿ ಬಾಯಿ ಅಗಲಿಸಿತು. ಏನೂ ಕೇಳಲಿಲ್ಲ. ಮತ್ತೊಮ್ಮೆ ಬಾಯಿ ತೆರೆದು, ಮುಚ್ಚಿ, ಅದರ ಕೂಗನ್ನು ನಾನೇ ನುಂಗಿದೆನೇನೋ ಎಂಬಂತೆ ದಿಟ್ಟಿಸಿತು.

“ಬಾ ವಿಶಾಲು. ಅವ್ರು ಕಳಿಸಿದ್ರಾ?” ಎಂದರು ನೀಲಮ್ಮ.

“ಕಳಿಸಿದ್ರು. ಫೋನ್ ಕೊಡಿ ನೀಲಕ್ಕ. ಅವ್ರ ಗಂಟ್ಲು ಸರಿ ಮಾಡ್ತೀನಿ.”

“ಈಗೇನಾಗಿದೆ ಗಂಟ್ಲಿಗೆ? ಚೆನ್ನಾಗೇ ಇದೆಯಲ್ಲ.”

“ಉಸಿರಾಡೋಕಾಗ್ದೆ ಗೋಣಿಚೀಲದ ಮೇಲೆ ಬೀಳ್ತಿದ್ದಾರೆ!”

“ಕಮ್ಮಿ ಮಾತಾಡ್ಲಿ. ನಾನು ಬಿದ್ದಿದೀನಾ ಯಾವತ್ತಾದ್ರೂ?”

ಅಷ್ಟರಲ್ಲಿ ಒಳಗಿನಿಂದ ಪುಟ್ಟಬಸಪ್ಪನವರು ಕೂಗಿದರು: “ಏಯ್, ಟವಲ್ ಎಲ್ಲಿ?” ಕೂಗಿದರು ಎಂದೆನಲ್ಲ, ಅವರು ಕೂಗಿದ್ದೇನೋ ನಿಜ. ಆದರೆ ಅದು ಮೆತ್ತಗೆ, ಒಂದೇ ಹದದಲ್ಲಿ, ಪಕ್ಕದಲ್ಲಿ ಕೂತು ಕ್ಷೇಮ ವಿಚಾರಿಸಿದಂತೆ ಬಂತು. ನೀಲಮ್ಮ ಕೈಯಲ್ಲಿದ್ದ ಪೊರಕೆ ಹಿಡಿದುಕೊಂಡೇ ಕಣ್ಣು ಮುಚ್ಚಿ ಕೇಳಿಸಿಕೊಂಡರು.

“ಕೇಳ್ದಾ?” ಎಂದರು. “ಮಾತು ಅದೇ. ‘ಏಯ್’ ಅನ್ನೋದೂ ಅದೇ. ಆದ್ರೆ ಮುಂಚೆ ಆ ‘ಏಯ್’ ಹೆಂಗಿತ್ತು ಗೊತ್ತಾ? ನಾನು ಕೈಯಲ್ಲಿದ್ದ ಪಾತ್ರೆ ಬೀಳಿಸ್ತಿದ್ದೆ. ಬೆಳಿಗ್ಗೆ ಇದೇ ಕೊಟ್ಟಿಗೇಲಿ ಕೂತ್ಕೊಂಡು ಇದರ ಹತ್ರ ಮಾತಾಡೋರು. ಬಂಗಾರಿ ಅನ್ನೋರು, ಚಿನ್ನ ಅನ್ನೋರು, ಸೊಳ್ಳೆ ಕಚ್ಚಿತಾ ಅಂತ ಕೇಳೋರು. ಅಷ್ಟು ಮೆತ್ತಗೆ. ನಾನು ಗೋಡೆ ಆಕಡೆ ಒಲೆ ಮುಂದೆ ಕೂತ್ಕೊಂಡು ಕೇಳಿಸ್ಕೊಳ್ತಿದ್ದೆ. ಅಲ್ಲಿಂದ ಎದ್ದು ನನ್ನ ಕಡೆ ತಿರುಗಿದ್ರೆ ಮೈಮೇಲೆ ಬಸ್ಸು ಬಂದಂಗೆ. ಈಗ ಆ ಬಟನ್ ಬಂದು ನನಗೂ ಇದಕ್ಕೂ ಒಂದೇ ಲೆವೆಲ್ ಮಾಡಿದೆ. ಅದನ್ನ ನೀನು ಕಿತ್ಕೊಂಡು ಹೋಗ್ತೀನಿ ಅಂತೀಯ.”

ನನ್ನ ಜೀವಮಾನದಲ್ಲಿ ಲೆವೆಲ್ ಸಮ ಮಾಡುವುದನ್ನು ಯಾರೂ ಹೊಗಳಿದ್ದು ಕೇಳಿರಲಿಲ್ಲ. ನಾನೇ ದಿನಾ ಬೈಯುತ್ತೇನೆ. ಆದರೂ ನನಗೆ ತಿಳಿದದ್ದನ್ನು ಹೇಳಿದೆ.

“ನೀಲಕ್ಕ, ಅದು ಅವ್ರು ಮೆತ್ತಗೆ ಮಾತಾಡಿಸ್ತಿರೋದಲ್ಲ. ಮಿಷೀನು.”

“ಮಿಷೀನಾದ್ರೂ ಮಾತಾಡಿಸ್ತಲ್ಲ,” ಎಂದರು ನೀಲಮ್ಮ.

ನಾನು ಹೊರಡಲು ತಿರುಗಿದೆ. ಅಷ್ಟರಲ್ಲಿ ಕಸ್ತೂರಿ ಹಗ್ಗ ಜಗ್ಗಿಕೊಂಡು ಬಂದು ನೀಲಮ್ಮನ ಹೆಗಲಿಗೆ ಮೂತಿ ಒರಗಿಸಿ, ಮತ್ತೆ ಬಾಯಿ ತೆರೆಯಿತು. ಗಂಟಲು ಏರಿತು, ಹೊಟ್ಟೆ ಒಳಗೆ ಹೋಯಿತು, ಸದ್ದು ಮಾತ್ರ ಬರಲಿಲ್ಲ. ನೀಲಮ್ಮ ಪೊರಕೆ ಕೆಳಗಿಟ್ಟು ಅದರ ಕತ್ತು ನೀವಿದರು. ಅದರ ಮೇಲೆ ಅವರಿಗೆ ಹೊಟ್ಟೆಕಿಚ್ಚಿತ್ತು, ಅದು ಎದ್ದು ಕಾಣುತ್ತಿತ್ತು. ಆದರೆ ದಿನಾ ಹುಲ್ಲು ಹಾಕುವ ಕೈಯೂ ಅದೇ ಅಲ್ಲವೇ?

“ತಡಿ,” ಎಂದರು. “ಇದರ ಬಾಯಿ ಕಟ್ಟಿ ನಾನು ಸುಖ ಪಡೋಕಾಗಲ್ಲ. ಸಂಜೆ ಬರ್ತೀನಿ. ಇದರ ಕೂಗು ಕೊಡು, ಅವರ ಉಸಿರು ಕೊಡು. ಲೆವೆಲ್ ಮಾತ್ರ ಹಂಗೇ ಇರ್ಲಿ. ಅದೊಂದು ನನಗೋಸ್ಕರ ಮಾಡು.”

ಆಗಲಿ ಎನ್ನಲಿಲ್ಲ, ಆಗುವುದಿಲ್ಲ ಎನ್ನಲೂ ಇಲ್ಲ. ನೋಡೋಣ ಎಂದು ಬಂದೆ.

ಸಂಜೆ ಇಬ್ಬರೂ ಬಂದರು. ಪುಟ್ಟಬಸಪ್ಪನವರು ಮುಂದೆ, ನೀಲಮ್ಮ ನಿಧಾನವಾಗಿ ಮೆಟ್ಟಿಲ ಪಕ್ಕದ ಗೋಡೆ ಹಿಡಿದುಕೊಂಡು ಹಿಂದೆ. ಫೋನನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಬಂದಿದ್ದರು. ಮೆಸೇಜಿನ ತಂಟೆಯೇ ಬೇಡವೆಂದು ವೈರ್ ಹಾಕಿ ಫೈಲನ್ನು ನೇರವಾಗಿ ನನ್ನ ಕಂಪ್ಯೂಟರಿಗೆ ಇಳಿಸಿಕೊಂಡೆ. ಹೆಡ್‌ಫೋನ್ ಹಾಕಿಕೊಂಡು ಕೇಳತೊಡಗಿದೆ.

ಎಂಥ ರೆಕಾರ್ಡಿಂಗ್ ಎನ್ನುತ್ತೀರಿ! ಒಂದು ಕೂದಲೂ ಕಳೆದಿರಲಿಲ್ಲ. ಎಮ್ಮೆ ಮೆಲುಕು ಹಾಕುವುದು, ಬಾಲ ಬೆನ್ನಿಗೆ ಬಡಿಯುವುದು, ಪುಟ್ಟಬಸಪ್ಪನವರು ಮಾತಿಗೆ ಮುಂಚೆ ಮೂಗಿನಲ್ಲಿ ಎಳೆಯುವ ಉಸಿರು, ಅವರ ಗಂಟಲಿನ ಆ ಗೋಣಿಚೀಲ, ಎಲ್ಲವೂ ಇತ್ತು. ಕಸ್ತೂರಿಯ ಜೊತೆ ಆಡುವ ಮಾತು ಎಷ್ಟು ಮೆಲುವೆಂದರೆ ಪರದೆಯ ಮೇಲೆ ಗೆರೆ ಅಲುಗಿದ್ದೇ ಕಾಣುತ್ತಿರಲಿಲ್ಲ. ನಾನು ಕಿವಿ ಇನ್ನಷ್ಟು ಒತ್ತಿಕೊಂಡೆ. ಆಗ ಒಮ್ಮೆಲೇ “ಏಯ್! ಕಾಫಿ!” ಎಂದು ಸಿಡಿಲು ಬಡಿಯಿತು. ಗೆರೆ ಪರದೆಯ ಮೇಲಿನ ತುದಿಗೂ ಕೆಳಗಿನ ತುದಿಗೂ ಹೋಗಿ ಬಡಿಯಿತು. ನಾನು ಹೆಡ್‌ಫೋನ್ ಕಿತ್ತೆಸೆದು ಕಿವಿ ಉಜ್ಜಿಕೊಂಡೆ. ಮತ್ತೆ ಹಾಕಿಕೊಂಡಾಗ ಹೆಜ್ಜೆ ಸದ್ದು ಹತ್ತಿರ ಬಂತು, ಲೋಟವನ್ನು ಕಲ್ಲಿನ ಮೇಲೆ ಇಟ್ಟ ಸದ್ದಾಯಿತು, ಹೆಜ್ಜೆ ದೂರ ಹೋಯಿತು. ಇಡೀ ಕಂತಿನಲ್ಲಿ ನೀಲಮ್ಮನ ಪಾಲು ಅಷ್ಟೇ. ಎಮ್ಮೆಗೂ ಅದಕ್ಕಿಂತ ಹೆಚ್ಚು ಮಾತಿತ್ತು.

ಲೆವೆಲ್ ಗುಂಡಿ ನನ್ನ ಕೈಯ ಕೆಳಗೇ ಇತ್ತು. ನೀಲಮ್ಮ ನನ್ನನ್ನೇ ನೋಡುತ್ತಿದ್ದರು. ಮಾಡಿಬಿಡೋಣ ಎನ್ನಿಸಿತು, ಸುಳ್ಳೇಕೆ ಹೇಳಲಿ. ಆದರೆ ಮಾಡಿದರೆ ಆ ಮನುಷ್ಯ ಬಾವಿಗೆ ಬಿದ್ದು ಕೂಗಿದರೂ ಯಾರಿಗೂ ಕೇಳದು. ಇನ್ನು ನೀಲಮ್ಮನಿಗೆ ಸಿಗುವುದು ಜೀವನವಿಡೀ ಬಟನ್ನಿನ ಪ್ರೀತಿ. ಮನಸ್ಸು ಗಟ್ಟಿ ಮಾಡಿ, ಏನೂ ಮುಟ್ಟದೆ, ಇದ್ದದ್ದನ್ನು ಇದ್ದಂತೆ ಉಳಿಸಿದೆ.

ಪುಟ್ಟಬಸಪ್ಪನವರು ಸೊರ್ ಎಂದು ಉಸಿರೆಳೆದುಕೊಂಡರು. ಅದೇ ಹೊತ್ತಿಗೆ ಮೂರು ಬೀದಿಯಾಚೆಯಿಂದ, ಗಿರಣಿಯ ಸದ್ದನ್ನೂ ಮೀರಿ, ಇಷ್ಟು ದಿನದ ಬಾಕಿಯನ್ನೆಲ್ಲ ಸೇರಿಸಿ ಕೂಗಿದಂಥ ಕೂಗೊಂದು ಬಂತು. ಅಂವಾ ಎಂದು ಅದು ಮುಗಿಯಲೇ ಇಲ್ಲ.

“ಏಯ್! ಕೇಳ್ತಾ? ಕಸ್ತೂರಿ ಕೂಗಿದ್ದು ಕೇಳ್ತಾ? ನಡಿ ನಡಿ, ಹಾಲು ಕರೀಬೇಕು! ಏನ್ ನಿಂತಿದೀಯ ಕಂಬದ ಥರ!” ಎಂದು ಪುಟ್ಟಬಸಪ್ಪನವರು ನೀಲಮ್ಮನ ಕಡೆ ತಿರುಗಿ ಗರ್ಜಿಸಿದರು. ಕೆಳಗೆ ಗಿರಣಿಯಲ್ಲಿ ಯಾರದೋ ಡಬ್ಬ ಬಿದ್ದ ಸದ್ದಾಯಿತು. ನೀಲಮ್ಮ ನನ್ನನ್ನು ಒಂದು ಸಲ ನೋಡಿ, ಫೋನನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು ಬಾಗಿಲ ಕಡೆ ಹೊರಟರು.

ಆಗ ಬಂತು ನೋಡಿ ನನಗೆ ಸಿಟ್ಟು.

“ಕೂತ್ಕೊಳ್ಳಿ ಬಸಪ್ಪಣ್ಣ!” ಎಂದು ನಾನೂ ಗರ್ಜಿಸಿದೆ. “ನೀಲಕ್ಕ, ನೀವೂ ಕೂತ್ಕೊಳ್ಳಿ. ಕೆಲಸ ಮುಗ್ದಿಲ್ಲ. ಬರೀ ಎಮ್ಮೆ ಹತ್ರ ಆಡಿದ ಮಾತು ಫೈಲಲ್ಲಿದ್ರೆ ಗಂಟ್ಲು ಎಮ್ಮೆಗೆ ಮಾತ್ರ ಸರಿಯಾಗಿರತ್ತೆ. ಈಗ ಹೊಸ ಕಂತು ರೆಕಾರ್ಡ್ ಮಾಡ್ತೀನಿ. ನೀಲಕ್ಕನ ಹತ್ರ ಮಾತಾಡಿ. ಏನು ಮಾತಾಡ್ತೀರೋ ಅದನ್ನೇ ಕೊನೆಯದಾಗಿ ಉಳಿಸ್ತೀನಿ. ಸಾಯೋವರ್ಗೂ ಅದೇ ಗತಿ.”

ಕಿಟಕಿಯಿಂದ ತಲೆ ಹಾಕಿ ಗಿರಣಿ ನಿಲ್ಲಿಸಲು ಕೂಗಿದೆ. ಖಾರದಪುಡಿ ಮಾಡಿಸಲು ಸಾಲಿನಲ್ಲಿ ನಿಂತವರು ನನ್ನ ವಂಶವನ್ನೆಲ್ಲ ನೆನೆದರು. ನೆನೆಯಲಿ. ಗಿರಣಿ ನಿಂತಿತು. ಮೈಕನ್ನು ಇಬ್ಬರ ನಡುವೆ ಇಟ್ಟು ಆನ್ ಮಾಡಿದೆ.

ಪುಟ್ಟಬಸಪ್ಪನವರು ಹೆಂಡತಿಯನ್ನು ನೋಡಿದರು. ಗಂಟಲು ಸರಿಮಾಡಿಕೊಂಡರು. “ಏನೇ!” ಎಂದರು. ಗೋಡೆಯ ಹಾಸಿಗೆಯಿಂದ ಧೂಳು ಉದುರಿತು. “ಮೆತ್ತಗೆ,” ಎಂದು ನಾನು ಕೈಸನ್ನೆ ಮಾಡಿದೆ. “ಏನೇ,” ಎಂದು ಕಷ್ಟಪಟ್ಟು ಹೇಳಿದರು, ಹಲ್ಲು ಕೀಳಿಸಿಕೊಂಡವರಂತೆ. ಮುಂದೆ ಏನು ಹೇಳಬೇಕೆಂದು ತೋಚದೆ, “ಹಾಲಿಗೆ ನೀರು...” ಎಂದು ಶುರುಮಾಡಿ ನನ್ನ ಮುಖ ನೋಡಿ ನಿಲ್ಲಿಸಿದರು. ಹಣೆಯಲ್ಲಿ ಬೆವರು.

“ಬರಲ್ಲ ವಿಶಾಲಮ್ಮ,” ಎಂದರು ಅಸಹಾಯಕರಾಗಿ. “ಬೇಕಂತ ಜೋರು ಮಾಡಲ್ಲ ನಾನು. ಇವಳನ್ನ ನೋಡಿದ್ರೆ ಗಂಟ್ಲು ತಾನಾಗೇ ಏರತ್ತೆ. ಮದ್ವೆಯಾದ ಹೊಸ್ದ್ರಲ್ಲಿ ನಮ್ಮಪ್ಪ ನಮ್ಮಮ್ಮನ್ನ ಹಂಗೇ ಕರೀತಿದ್ರು, ನಾನೂ ಹಂಗೇ ಕರೀಬೇಕು ಅಂದ್ಕೊಂಡೆ. ಕಸ್ತೂರಿನ ಹೆಂಗೆ ಕರೀಬೇಕು ಅಂತ ಯಾರೂ ಹೇಳ್ಕೊಟ್ಟಿರ್ಲಿಲ್ಲ ನೋಡಿ.”

ನೀಲಮ್ಮ ನೆಲ ನೋಡುತ್ತಿದ್ದರು. ನನಗೆ ಬೇರೆ ದಾರಿ ಕಾಣಲಿಲ್ಲ.

“ಹಾಗಿದ್ರೆ ಕಣ್ಣು ಮುಚ್ಕೊಳ್ಳಿ,” ಎಂದೆ. “ಎದುರಿಗೆ ಕಸ್ತೂರಿ ಇದೆ ಅಂದ್ಕೊಳ್ಳಿ. ದಿನಾ ಮಾತಾಡ್ದಂಗೆ ಮಾತಾಡಿ.”

ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ಎಮ್ಮೆ ಎಂದುಕೊಳ್ಳಿ ಎಂದು ಹೇಳಿದ್ದು ಈ ಪ್ರಪಂಚದಲ್ಲಿ ನಾನೊಬ್ಬಳೇ ಇರಬೇಕು. ನೀಲಮ್ಮ ಎದ್ದು ನನ್ನ ಕೆನ್ನೆಗೆ ಬಾರಿಸಿದ್ದರೂ ನ್ಯಾಯವೇ. ಆದರೆ ಅವರು ಅಲುಗಲಿಲ್ಲ. ಪುಟ್ಟಬಸಪ್ಪನವರು ಕಣ್ಣು ಮುಚ್ಚಿದರು. ಭುಜ ಇಳಿಯಿತು. ಮೂಗಿನಲ್ಲಿ ಸಣ್ಣಗೆ ಉಸಿರೆಳೆದರು. ಕೈ ತಾನಾಗಿ ಮುಂದೆ ಬಂದು ಗಾಳಿಯಲ್ಲೇ ಏನನ್ನೋ ನೀವತೊಡಗಿತು.

“ಬಂಗಾರಿ,” ಎಂದರು. ಪರದೆಯ ಮೇಲೆ ಗೆರೆ ಅಲುಗಿತೋ ಇಲ್ಲವೋ. “ಏನವ್ವಾ, ಸುಸ್ತಾಯ್ತಾ? ಬೆಳಿಗ್ಗೆಯಿಂದ ನಿಂತೇ ಇದೀಯ. ನನಗೆ ಗೊತ್ತಾಗತ್ತೆ ಕಣೆ, ನೀನು ಹೇಳ್ದಿದ್ರೂ. ಕಾಲು ನೋಯ್ತಾ ಇದೆಯಾ ಚಿನ್ನಾ?”

“ಎಡಗಾಲು,” ಎಂದರು ನೀಲಮ್ಮ.

ಪುಟ್ಟಬಸಪ್ಪನವರ ಕೈ ಗಾಳಿಯಲ್ಲೇ ನಿಂತಿತು.

“ಮಂಡಿ,” ಎಂದರು ನೀಲಮ್ಮ. “ಮೆಟ್ಲು ಹತ್ತೋಕಾಗಲ್ಲ.”

ಪುಟ್ಟಬಸಪ್ಪನವರು ಕಣ್ಣು ತೆರೆದರು. ಎದುರಿಗೆ ಹೆಂಡತಿ ಇದ್ದರು. ಅವರ ಮುಖವನ್ನೂ, ಅವರು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ ಎಡ ಮಂಡಿಯನ್ನೂ, ಅವರು ಹತ್ತಿಬಂದ ಮೆಟ್ಟಿಲನ್ನೂ ನೋಡಿದರು. ಪರದೆಯ ಮೇಲೆ ಗೆರೆ ನೆಟ್ಟಗೆ ಹರಿಯುತ್ತಿತ್ತು. ಯಾವ ಬಟನ್ ಆದರೂ ಮೊದಲು ಕತ್ತರಿಸಿ ಎಸೆಯುವಂಥ ಖಾಲಿ ಜಾಗ ಅದು. ಈಗ ‘ಏಯ್’ ಎಂದು ಸಿಡಿದರೆ ಮುಗಿಯಿತು, ಮತ್ತೆ ಈ ಹೆಂಗಸು ಬಾಯಿ ತೆರೆಯುವುದಿಲ್ಲ ಎಂದು ನನಗೆ ನಿಜವಾಗಿಯೂ ಹೆದರಿಕೆಯಾಯಿತು.

“ಯಾವಾಗಿಂದ?” ಎಂದು ಪುಟ್ಟಬಸಪ್ಪನವರು ಕೇಳಿದರು. ಕಣ್ಣು ತೆರೆದೇ ಇತ್ತು. ಗೆರೆ ಅಲುಗಲಿಲ್ಲ.

“ಕಸ್ತೂರಿ ಬರೋದಕ್ಕೆ ಮುಂಚಿನಿಂದ,” ಎಂದರು ನೀಲಮ್ಮ.

ನನಗೆ ಅಳು ಬಂದುಬಿಟ್ಟಿತು. ಮೂಗೊರೆಸಿಕೊಂಡ ಸದ್ದೂ ಮೈಕಿಗೆ ಬಿತ್ತು. ಕೆಳಗೆ ಖಾರದಪುಡಿಯವರು ಇನ್ನೂ ಬೈಯುತ್ತಿದ್ದರು. ರೆಕಾರ್ಡಿಂಗ್ ನಿಲ್ಲಿಸಿದೆ. ಹಿಂದೆ ಮುಂದೆ ಏನೂ ಕತ್ತರಿಸಲಿಲ್ಲ. ಉಳಿಸುವ ಮೊದಲು ಫೈಲಿಗೆ ಹೆಸರು ಕೊಡಿ ಎಂದು ಕಂಪ್ಯೂಟರು ಕೇಳಿತು. ಪುಟ್ಟಬಸಪ್ಪನವರು ಎಲ್ಲ ಕಂತಿಗೂ ‘ಎಮ್ಮೆ ಮಾತು’ ಎಂದೇ ಹೆಸರು ಕೊಡುವವರು. ಅವರನ್ನು ಕೇಳೋಣವೆಂದು ತಿರುಗಿದೆ. ಅವರು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ಹೆಂಡತಿಯ ಕಾಲನ್ನು ಹಾಲು ಕರೆಯುವ ಕೈಯಲ್ಲಿ ಹಿಡಿದು ನೋಡುತ್ತಿದ್ದರು. ನಾನು ಕೇಳಲಿಲ್ಲ. ‘ನೀಲಕ್ಕನ ಎಡ ಮಂಡಿ’ ಎಂದು ಬರೆದು ಉಳಿಸಿದೆ.